ಮಧ್ಯಾಹ್ನದ ಪತ್ರಿಕೆಗೆ ಅರ್ಧ ಲೋಟ ಚಹಾ

‘ರಾಷ್ಟ್ರೀಯ’ ಅನ್ನುವ ಪದವನ್ನು ಒಮ್ಮೆ ಪೆನ್ನು ಹಿಡಿದು ಬರೆದು ನೋಡಿ. ಷ ಬರೆಯಬೇಕು, ಅದಕ್ಕೆ ಟ ಒತ್ತು ಕೊಡಬೇಕು, ಅದರ ಬೆನ್ನಿಗೇ ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕೈ ಸ್ಥಿರವಾಗಿದ್ದರೆ ಇದು ಕಷ್ಟವೇನಲ್ಲ. ಕೈ ನಡುಗುತ್ತಿದ್ದರೆ ಎರಡು ಒತ್ತುಗಳೂ ಒಂದರ ಮೇಲೊಂದು ಬಿದ್ದು ಮಸಿಯ ಚುಕ್ಕೆಯಾಗಿಬಿಡುತ್ತವೆ. 2018ರ ಸೆಪ್ಟೆಂಬರ್ ಕೊನೆಯಲ್ಲಿ, ಐಎಎಸ್‌ನಂಥ ಹುದ್ದೆಗಳಿಗೆ ನಡೆಯುವ ಯುಪಿಎಸ್‌ಸಿ ಪರೀಕ್ಷೆಯ ಎರಡನೇ ಹಂತವಾದ ಮೇನ್ಸ್‌ನ ಎರಡನೇ ದಿನ, ಬೆಂಗಳೂರಿನ ಒಂದು ಪರೀಕ್ಷಾ ಕೇಂದ್ರದಲ್ಲಿ ಕುಳಿತು ನಾನು ಆ ಪದವನ್ನು ಮೂರು ಸಲ ಹೊಡೆದು ಹಾಕಿ ನಾಲ್ಕನೇ ಸಲ ಬರೆದೆ. ಉತ್ತರ ಗೊತ್ತಿತ್ತು. ಕೈ ಮಾತು ಕೇಳುತ್ತಿರಲಿಲ್ಲ.

ಆ ಬೆಳಿಗ್ಗೆ ನಾನು ಎರಡು ದೊಡ್ಡ ಲೋಟ ಫಿಲ್ಟರ್ ಕಾಫಿ ಕುಡಿದು ಹೋಗಿದ್ದೆ.

ಪರೀಕ್ಷೆಗೆ ಏನು ಓದಬೇಕು ಅಂತ ಹೇಳುವವರು ನೂರು ಜನ ಸಿಗುತ್ತಾರೆ. ಪರೀಕ್ಷೆಯ ದಿನ ಏನು ಕುಡಿಯಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ಅದೂ ಒಂದು ವಿಷಯ ಅಂತ ನನಗೇ ಅನ್ನಿಸಿರಲಿಲ್ಲ. ಈಗ ಪ್ರತಿ ವರ್ಷ ಪರೀಕ್ಷೆಯ ಹಂಗಾಮು ಬಂದಾಗ ಅದೇ ನೆನಪಾಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನನ್ನೂರು ಗದಗದ ಕಡೆ. ಡಿಗ್ರಿ ಮುಗಿಸಿ ಧಾರವಾಡಕ್ಕೆ ಬಂದೆ. ಸಪ್ತಾಪುರದ ಸುತ್ತಮುತ್ತ ಓಡಾಡಿದವರಿಗೆ ಆ ಜಗತ್ತು ಗೊತ್ತಿರುತ್ತದೆ. ಬೀದಿ ತುಂಬ ಕೋಚಿಂಗ್ ಸೆಂಟರ್‌ಗಳ ಬೋರ್ಡು, ರೀಡಿಂಗ್ ರೂಮುಗಳು, ಜೆರಾಕ್ಸ್ ಅಂಗಡಿಗಳು, ಖಾನಾವಳಿಗಳು. ಪಿಎಸ್‌ಐ, ಎಫ್‌ಡಿಎ, ಕೆಎಎಸ್, ಐಎಎಸ್ ಅಂತ ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು. ನಡುನಡುವೆ ಚಹಾದ ಅಂಗಡಿಗಳು.

ಅಲ್ಲಿ ನಾವು ಚಹಾವನ್ನು ರುಚಿಗಾಗಿ ಕುಡಿಯುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಿಂದ ಬರುವ ದುಡ್ಡಿನಲ್ಲಿ ರೂಮಿನ ಬಾಡಿಗೆ ಕಟ್ಟಬೇಕು, ಪುಸ್ತಕ ಕೊಳ್ಳಬೇಕು, ಟೆಸ್ಟ್ ಸೀರೀಸ್‌ಗೆ ಕೊಡಬೇಕು. ಉಳಿಸುವುದಕ್ಕೆ ಇರುವುದು ಊಟ ಒಂದೇ. ಬೆಳಗಿನ ನಾಷ್ಟಾ ಬಿಟ್ಟರೆ ಇಷ್ಟು, ಸಂಜೆ ಏನೂ ತಿನ್ನದಿದ್ದರೆ ಇಷ್ಟು ಅಂತ ಲೆಕ್ಕ ಹಾಕುತ್ತಿದ್ದೆವು. ಹಸಿವಾದಾಗ ಒಂದು ಚಹಾ, ಜೊತೆಗೆ ಒಂದು ಸಣ್ಣ ಬಿಸ್ಕತ್ ಪ್ಯಾಕೆಟ್. ಹಸಿವು ಒಂದು ಗಂಟೆ ಸುಮ್ಮನಾಗುತ್ತದೆ. ಆಮೇಲೆ ಇನ್ನೊಂದು ಚಹಾ. ಹೀಗೆ ದಿನಕ್ಕೆ ಐದೋ ಆರೋ ಆಗುತ್ತಿತ್ತು. ರಾತ್ರಿ 11ಕ್ಕೆ ಕಣ್ಣು ಎಳೆದರೆ ಮತ್ತೊಂದು. ಮೂರು ವರ್ಷ ನನ್ನ ಮೈ ಹೀಗೇ ನಡೆಯಿತು. ನಾನೊಬ್ಬಳೇ ಅಲ್ಲ, ನನ್ನ ರೀಡಿಂಗ್ ರೂಮಿನಲ್ಲಿ ಅರ್ಧಕ್ಕರ್ಧ ಜನ ಹೀಗೇ ಇದ್ದರು.

ಚಹಾ ಕಾಫಿ ನಿದ್ದೆಯನ್ನು ಹೇಗೆ ತಡೆಯುತ್ತವೆ ಅನ್ನುವುದು ಆಗ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ಒಂದು ವಸ್ತು ಸೇರುತ್ತಾ ಹೋಗುತ್ತದೆ. ಅದಕ್ಕೆಂದೇ ಇರುವ ಜಾಗಗಳಲ್ಲಿ ಅದು ಹೋಗಿ ಕೂತಾಗ ನಮಗೆ ನಿದ್ದೆ ಎಳೆಯುತ್ತದೆ. ಕೆಫೀನ್ ಆ ಜಾಗಗಳಲ್ಲಿ ಮೊದಲೇ ಹೋಗಿ ಕೂತುಬಿಡುತ್ತದೆ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ, ಹೊರಗೆ ಸೇರುತ್ತಲೇ ಇರುತ್ತದೆ. ಅಂದರೆ ಕಾಫಿ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿ ನಮಗೆ ಮುಟ್ಟದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ದಿನವೂ ಕುಡಿಯುವವರ ಮಿದುಳು ಇದಕ್ಕೂ ಹೊಂದಿಕೊಳ್ಳುತ್ತದೆ. ಹಾಗಾಗಿ ಹಿಂದೆ ಒಂದು ಲೋಟಕ್ಕೆ ಆಗುತ್ತಿದ್ದ ಕೆಲಸಕ್ಕೆ ಈಗ ಎರಡು ಬೇಕಾಗುತ್ತದೆ. ಒಂದು ದಿನ ಪೂರ್ತಿ ಬಿಟ್ಟರೆ ತಲೆ ಸಿಡಿಯುತ್ತದೆ.

ಈ ಕೊನೆಯ ಮಾತು ಗೊತ್ತಿದ್ದಿದ್ದರೆ ನನ್ನ ಮೊದಲ ದಿನ ಹಾಗೆ ಆಗುತ್ತಿರಲಿಲ್ಲ.

ಮೇನ್ಸ್‌ಗೆ ಎರಡು ವಾರ ಇರುವಾಗ ಬೆಂಗಳೂರಿಗೆ ಬಂದು ವಿಜಯನಗರದ ಒಂದು ಪಿಜಿಯಲ್ಲಿ ಉಳಿದುಕೊಂಡೆ. ಮೊದಲ ದಿನ ಪ್ರಬಂಧ ಪತ್ರಿಕೆ ಮಾತ್ರ, ಬೆಳಿಗ್ಗೆ 9ರಿಂದ 12. ಮೂರು ಗಂಟೆಯಲ್ಲಿ ಎರಡು ದೊಡ್ಡ ಪ್ರಬಂಧ. ನಡುವೆ ಬಾತ್‌ರೂಮಿಗೆ ಎದ್ದು ಹೋದರೆ ಹತ್ತು ನಿಮಿಷ ಹೋಗುತ್ತದಲ್ಲ ಅನ್ನುವ ಭಯ. ಹುಡುಗಿಯರಿಗೆ ಈ ಭಯ ಚೆನ್ನಾಗಿ ಗೊತ್ತು. ಕೇಂದ್ರದ ಬಾತ್‌ರೂಮು ಹೇಗಿರುತ್ತದೋ ಏನೋ. ಹಾಗಾಗಿ ಬೆಳಿಗ್ಗೆಯಿಂದ ಏನೂ ಕುಡಿಯಲಿಲ್ಲ. ಚಹಾ ಇಲ್ಲ, ನೀರು ಎರಡು ಗುಟುಕು. ಹಿಂದಿನ ಸಂಜೆ 6 ಗಂಟೆಗೆ ಕುಡಿದ ಚಹಾವೇ ಕೊನೆ.

ಹತ್ತೂವರೆ ಹೊತ್ತಿಗೆ ಕಣ್ಣಿನ ಹಿಂದೆ ಒಂದು ನೋವು ಶುರುವಾಯಿತು. ಆಮೇಲೆ ಹಣೆ ಪೂರ್ತಿ. ಒಂದು ವಾಕ್ಯ ಬರೆದು ಮುಂದಿನ ವಾಕ್ಯ ಏನು ಅಂತ ಹುಡುಕಬೇಕಾಯಿತು. ಕೆಫೀನ್‌ಗೆ ಒಗ್ಗಿದ ಮೈಗೆ ಅದು ಸಿಗದಿದ್ದರೆ 12ರಿಂದ 24 ಗಂಟೆಯೊಳಗೆ ಹೀಗಾಗುವುದು ಸಾಮಾನ್ಯ ಅಂತ ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ತಲೆನೋವು, ಮಂಕು, ಗಮನ ನಿಲ್ಲದಿರುವುದು. ಸಂಜೆ 6ರಿಂದ ಬೆಳಿಗ್ಗೆ ಹತ್ತೂವರೆಗೆ ಎಷ್ಟು ಗಂಟೆ ಲೆಕ್ಕ ಹಾಕಿ. ನಾನು ಅದನ್ನು ಪರೀಕ್ಷೆಯ ಟೆನ್ಷನ್ ಅಂದುಕೊಂಡೆ.

ಮರುದಿನ ಆ ತಪ್ಪು ಮತ್ತೆ ಆಗಬಾರದು ಅಂತ ಎರಡು ಲೋಟ ಕಾಫಿ ಕುಡಿದೆ. ಅದೂ ನನಗೆ ಅಭ್ಯಾಸವಿಲ್ಲದ ಕಾಫಿ. ಧಾರವಾಡದ ಹಾಲು ಜಾಸ್ತಿ ಹಾಕಿದ ಸಣ್ಣ ಲೋಟದ ಚಹಾ ಎಲ್ಲಿ, ಬೆಂಗಳೂರಿನ ಗಟ್ಟಿ ಡಿಕಾಕ್ಷನ್ ಎಲ್ಲಿ. ಕಾಫಿಯ ವಿಷಯದಲ್ಲಿ ನಮ್ಮಂಥವರು ತಿಳಿಯದ ಇನ್ನೊಂದು ಸಂಗತಿ ಇದೆ. ಕಪ್ಪಗೆ, ಕಹಿಯಾಗಿ ಇದ್ದರೆ ಸ್ಟ್ರಾಂಗ್ ಅಂತ ಅಂದುಕೊಳ್ಳುತ್ತೇವೆ. ಆ ಬಣ್ಣ, ಆ ಕಹಿ ಚಿಕೋರಿಯಿಂದಲೂ ಬರುತ್ತದೆ, ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಇನ್ನೊಂದು ಕಡೆ, ರೊಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತದೆ. ಹಾಗಾಗಿ ಒಂದು ಹೋಟೆಲಿನ ಲೋಟಕ್ಕೂ ಇನ್ನೊಂದು ಹೋಟೆಲಿನ ಲೋಟಕ್ಕೂ ಬಹಳ ಫರಕು. ನೋಡಿದರೆ ತಿಳಿಯುವುದಿಲ್ಲ. ಎಷ್ಟು ಒಳಗೆ ಹೋಯಿತು ಅನ್ನುವುದು ಕೈ ನಡುಗಿದ ಮೇಲೇ ಗೊತ್ತಾಗುವುದು.

ಎರಡನೇ ದಿನದ ಪತ್ರಿಕೆಗಳು ಸಾಮಾನ್ಯ ಅಧ್ಯಯನದವು. ಒಂದೊಂದರಲ್ಲಿ 20 ಪ್ರಶ್ನೆ. ಹತ್ತಕ್ಕೆ 150 ಪದ, ಹತ್ತಕ್ಕೆ 250 ಪದ. ಕೂಡಿಸಿದರೆ 4,000 ಪದ, ಮೂರು ಗಂಟೆ. ಒಂದು ಪ್ರಶ್ನೆಗೆ 9 ನಿಮಿಷ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸ ಜಾಸ್ತಿ. ಪ್ರಶ್ನೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಓದಿ ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು ಬರೆಯಬೇಕು. ಅಂಥ ಹೊತ್ತಿನಲ್ಲಿ ಎದೆ ಡವಡವ ಅನ್ನುತ್ತಿತ್ತು. ಬೆರಳ ತುದಿ ತಣ್ಣಗಾಗಿತ್ತು. ಯೋಚನೆ ಓಡುತ್ತಿತ್ತು, ಆದರೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಆರನೇ ಪ್ರಶ್ನೆ ಬರೆಯುವಾಗ ಹತ್ತನೆಯದು ಕಾಣುತ್ತಿತ್ತು. ಹತ್ತೂಕಾಲಿಗೆ ಬಾತ್‌ರೂಮಿಗೆ ಹೋಗಲೇಬೇಕಾಯಿತು, ಮತ್ತೆ ಹನ್ನೊಂದೂವರೆಗೆ. ಪರೀಕ್ಷೆಯ ಭಯಕ್ಕೇ ಎದೆ ಬಡಿದುಕೊಳ್ಳುತ್ತಿರುವಾಗ ಅದರ ಮೇಲೆ ಎರಡು ಲೋಟ ಕಾಫಿ ಹಾಕಿದರೆ ಅದು ಎಚ್ಚರವಲ್ಲ, ಗಾಬರಿ.

12ಕ್ಕೆ ಹೊರಗೆ ಬಂದಾಗ ಹೊಟ್ಟೆ ಹಸಿದು ಉರಿಯುತ್ತಿತ್ತು. ಮುಂದಿನ ಪತ್ರಿಕೆ 2ಕ್ಕೆ. ಹತ್ತಿರದ ಹೋಟೆಲಿನಲ್ಲಿ ತಟ್ಟೆ ತುಂಬ ಅನ್ನ ಸಾರು, ಮೇಲೊಂದಿಷ್ಟು ಮೊಸರನ್ನ. ಮೂರು ಗಂಟೆಯ ಹೊತ್ತಿಗೆ, ಸಂವಿಧಾನದ ಬಗ್ಗೆ ಒಂದು ಪ್ರಶ್ನೆಯ ನಡುವೆ, ಪೆನ್ನು ಕೈಯಲ್ಲಿದ್ದಂತೆಯೇ ಕಣ್ಣು ಮುಚ್ಚಿತು. ಎಷ್ಟು ಕ್ಷಣವೋ ಗೊತ್ತಿಲ್ಲ. ಎಚ್ಚರವಾದಾಗ ಕಾಗದದ ಮೇಲೆ ಪೆನ್ನು ಕೆಳಕ್ಕೆ ಜಾರಿ ಒಂದು ಉದ್ದ ಗೆರೆ ಎಳೆದಿತ್ತು. ಮಧ್ಯಾಹ್ನ ನಿದ್ದೆ ಬರುವುದು ಊಟದಿಂದ ಮಾತ್ರ ಅಲ್ಲ. ನಮ್ಮ ಮೈಯ ಒಳಗಿನ ಗಡಿಯಾರವೇ ಮಧ್ಯಾಹ್ನದ ಆ ಎರಡು ಮೂರು ಗಂಟೆ ಇಳಿಮುಖವಾಗಿರುತ್ತದೆ, ಊಟ ಮಾಡದವರಿಗೂ ಅದು ಬರುತ್ತದೆ. ಹೊಟ್ಟೆ ಬಿರಿಯುವಷ್ಟು ಉಂಡರೆ ಇನ್ನೂ ಆಳಕ್ಕೆ ಎಳೆಯುತ್ತದೆ. ಹಿಂದಿನ ರಾತ್ರಿ ಸರಿಯಾಗಿ ಮಲಗಿರದಿದ್ದರಂತೂ ಹೇಳುವುದೇ ಬೇಡ.

ನಾಲ್ಕು ಪ್ರಶ್ನೆ ಬಿಟ್ಟು ಎದ್ದೆ. ಮನಸ್ಸು ಕುಸಿದಿತ್ತು. ಐದೂವರೆಗೆ ಪಿಜಿಯ ಕೆಳಗಿನ ಹೋಟೆಲಿನಲ್ಲಿ ಮತ್ತೊಂದು ಕಾಫಿ ಕುಡಿದೆ, ರಾತ್ರಿ ಓದಬೇಕಲ್ಲ ಅಂತ. ಕೆಫೀನ್ ಅರ್ಧದಷ್ಟು ಮೈಯಿಂದ ಹೊರಗೆ ಹೋಗಲು ಸಾಮಾನ್ಯವಾಗಿ 5 ಗಂಟೆಯ ಆಸುಪಾಸು ಬೇಕು. ಐದೂವರೆಯದು ಹತ್ತೂವರೆಗೆ ಅರ್ಧ ಉಳಿದಿತ್ತು. ಬೆಳಿಗ್ಗೆಯ ಎರಡು ಲೋಟದ್ದೂ ಸ್ವಲ್ಪ ಉಳಿದಿತ್ತು. ರಾತ್ರಿ ಎರಡರವರೆಗೆ ಫ್ಯಾನ್ ನೋಡುತ್ತಾ ಮಲಗಿದ್ದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮಲಗುವುದಕ್ಕೆ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಯಿತು. ನಾನು ಸಂಜೆ ಕುಡಿದದ್ದು ಅಷ್ಟಿರಲಿಕ್ಕಿಲ್ಲ. ಆದರೆ ಆ ದಿನ ಒಟ್ಟು ಎಷ್ಟು ಕುಡಿದೆ ಅಂತ ನೋಡಿದರೆ ಬಹಳ ದೂರವೇನೂ ಇರಲಿಲ್ಲ.

ಮೂರನೇ ದಿನದ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಎರಡೂ ಪತ್ರಿಕೆ ಮಂಪರಿನಲ್ಲೇ ಬರೆದೆ.

ಆ ಸಲ ಸಂದರ್ಶನಕ್ಕೆ ನನ್ನ ನಂಬರ್ ಬರಲಿಲ್ಲ. ಕಾಫಿಯಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಓದಿನಲ್ಲಿ ಕೊರತೆ ಇತ್ತು, ಬರವಣಿಗೆ ಪಕ್ವವಾಗಿರಲಿಲ್ಲ. ಆದರೆ ಗೊತ್ತಿದ್ದ ಉತ್ತರಗಳನ್ನೂ ಬರೆಯಲಾಗದೆ ಎದ್ದು ಬಂದದ್ದು ನನಗೆ ಸೋಲಿಗಿಂತ ಜಾಸ್ತಿ ನೋವು ಕೊಟ್ಟಿತು. ಮೂರು ವರ್ಷ ಹೊಟ್ಟೆ ಕಟ್ಟಿ ಓದಿದ್ದೆ. ಅದನ್ನು ಕಾಗದದ ಮೇಲೆ ಇಳಿಸುವ ದಿನಗಳಲ್ಲಿ ನನ್ನ ಮೈಗೆ ಏನು ಬೇಕು ಅನ್ನುವುದು ನನಗೇ ಗೊತ್ತಿರಲಿಲ್ಲ.

ಮುಂದಿನ ವರ್ಷ ಜೂನ್‌ನಲ್ಲಿ ಮೊದಲ ಹಂತದ ಪ್ರಿಲಿಮ್ಸ್ ಮುಗಿದ ಮೇಲೆ ಎಂಟು ಭಾನುವಾರ ನಾನೂ ನನ್ನ ಗೆಳತಿಯೂ ಸೇರಿ ತಾಲೀಮು ಮಾಡಿದೆವು. ಬೆಳಿಗ್ಗೆ 9ರಿಂದ 12, ಮಧ್ಯಾಹ್ನ 2ರಿಂದ 5, ಎರಡು ಪೂರ್ತಿ ಪತ್ರಿಕೆ. ಉತ್ತರ ಬರೆಯುವ ತಾಲೀಮು ಎಲ್ಲರೂ ಮಾಡುತ್ತಾರೆ. ನಾವು ತಿನ್ನುವ ಕುಡಿಯುವ ತಾಲೀಮನ್ನೂ ಅದರ ಜೊತೆಗೇ ಮಾಡಿದೆವು. ಏನು ತಿಂದೆ, ಎಷ್ಟು ಗಂಟೆಗೆ ಕುಡಿದೆ, ಯಾವಾಗ ಕಣ್ಣು ಎಳೆಯಿತು, ಯಾವಾಗ ಬಾತ್‌ರೂಮಿಗೆ ಹೋಗಬೇಕಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು.

ಮೊದಲು ನಾವು ಪ್ರಯತ್ನ ಮಾಡಿದ್ದು ಗ್ಲೂಕೋಸ್ ಪುಡಿ. ಮಿದುಳಿಗೆ ಸಕ್ಕರೆ ಬೇಕು, ಹಾಗಾಗಿ ಪರೀಕ್ಷೆಗೆ ಮುಂಚೆ ಗ್ಲೂಕೋಸ್ ಕುಡಿಯಬೇಕು ಅಂತ ಊರಲ್ಲೂ ಹೇಳುತ್ತಾರೆ ಅಲ್ವಾ. ಮಿದುಳಿಗೆ ಗ್ಲೂಕೋಸ್ ಬೇಕು ಅನ್ನುವುದು ನಿಜ. ಮೈ ಖರ್ಚು ಮಾಡುವ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲು ಮಿದುಳಿಗೇ ಹೋಗುತ್ತದೆ. ಆದರೆ ಅದು ನಾವು ಸುಮ್ನೆ ಕೂತಾಗಲೂ ಹಾಗೇ ಇರುತ್ತದೆ. ಕಷ್ಟದ ಪ್ರಶ್ನೆ ಯೋಚಿಸಿದರೆ ಆ ಖರ್ಚು ಬಹಳ ಏರುವುದಿಲ್ಲ. ಆರೋಗ್ಯವಂತರಲ್ಲಿ ಊಟ ಮಾಡಿ ಕೆಲವು ಗಂಟೆಯಾದರೂ ಯಕೃತ್ತು ತನ್ನಲ್ಲಿ ಕೂಡಿಟ್ಟದ್ದನ್ನು ಬಿಡುತ್ತಾ ರಕ್ತದ ಸಕ್ಕರೆಯನ್ನು ಒಂದು ಮಟ್ಟದಲ್ಲಿ ಇಟ್ಟುಕೊಂಡಿರುತ್ತದೆ. 2019ರಲ್ಲಿ 31 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ ಒಂದು ವಿಮರ್ಶೆ ಪ್ರಕಟವಾಯಿತು. ಸಕ್ಕರೆ ತಿಂದವರಲ್ಲಿ ಅರ್ಧ ಗಂಟೆಯೊಳಗೆ ದಣಿವು ಜಾಸ್ತಿಯಾಗಿತ್ತು, ಒಂದು ಗಂಟೆಯೊಳಗೆ ಚುರುಕುತನ ಕಡಿಮೆಯಾಗಿತ್ತು. ನಮ್ಮ ನೋಟ್‌ಬುಕ್ಕಿನಲ್ಲೂ ಹಾಗೇ ಇತ್ತು. ಗ್ಲೂಕೋಸ್ ಕುಡಿದ ಭಾನುವಾರ ಇಬ್ಬರಿಗೂ ಹತ್ತು ಗಂಟೆಗೇ ಮಂಕು. ಎರಡು ವಾರದಲ್ಲಿ ಅದನ್ನು ಬಿಟ್ಟೆವು.

ಉಳಿದದ್ದು ಬಹಳ ಸಾದಾ. ಬೆಳಿಗ್ಗೆ ಏಳಕ್ಕೆ ಉಪ್ಪಿಟ್ಟೋ ಇಡ್ಲಿಯೋ, ಹೊಟ್ಟೆ ಮುಕ್ಕಾಲು ತುಂಬುವಷ್ಟು. ಏಳೂವರೆಗೆ ಒಂದು ಚಹಾ. ದಿನವೂ ಕುಡಿಯುವ ಅದೇ ಚಹಾ, ಅದೇ ಲೋಟ. ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಫೀನ್ ರಕ್ತದಲ್ಲಿ ಪೂರ್ತಿ ಏರಿರುತ್ತದೆ, ಕೂರುವ ಹೊತ್ತಿಗೆ ಒಂದು ಸಲ ಬಾತ್‌ರೂಮಿಗೆ ಹೋಗಿ ಬಂದೂ ಆಗಿರುತ್ತದೆ. ಒಳಗೆ ನೀರನ್ನು ಒಂದೊಂದೇ ಗುಟುಕು. ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಒಂದು ಹಿಡಿ ಶೇಂಗಾ. ಅನ್ನ ಸಂಜೆಗೆ. ನನಗೆ ಇದು ಹೊಂದಿತು, ಇನ್ನೊಬ್ಬರಿಗೆ ಹೊಂದಬೇಕು ಅಂತಿಲ್ಲ. ಕೆಫೀನ್ ಒಬ್ಬೊಬ್ಬರ ಮೈಯಲ್ಲಿ ಒಂದೊಂದು ವೇಗದಲ್ಲಿ ಕರಗುತ್ತದೆ. ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ ಬಂದ ಗುಣ ಅದು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ಬಹಳ ನಿಧಾನ, ಬೀಡಿ ಸಿಗರೇಟು ಸೇದುವವರಲ್ಲಿ ಬೇಗ. ಅದಕ್ಕೇ ಗೆಳತಿಯ ಲೋಟ ನೋಡಿ ನಮ್ಮ ಲೋಟ ತುಂಬಿಸಿಕೊಳ್ಳಬಾರದು.

ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಧ್ಯಾಹ್ನದ ಒಂದು ಉಪಾಯ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ನಿದ್ದೆಗೆಟ್ಟು ವಾಹನ ಓಡಿಸುವವರ ಮೇಲೆ ಪ್ರಯೋಗ ಮಾಡಿದ್ದರು. ಕಾಫಿ ಕುಡಿದು ಕೂಡಲೇ 15 ನಿಮಿಷ ಕಣ್ಣು ಮುಚ್ಚಿದವರು, ಬರೀ ಕಾಫಿ ಕುಡಿದವರಿಗಿಂತ ಚೆನ್ನಾಗಿ ಓಡಿಸಿದ್ದರು. ಕೆಫೀನ್ ಏರುವುದಕ್ಕೆ ಹೇಗೂ ಹೊತ್ತು ಬೇಕು. ಅಷ್ಟರಲ್ಲಿ ಒಂದು ಸಣ್ಣ ಜೊಂಪು ಆಗಿರುತ್ತದೆ, ಎದ್ದಾಗ ಎರಡೂ ಒಟ್ಟಿಗೆ ಕೈ ಹಿಡಿಯುತ್ತವೆ.

2019ರ ಮೇನ್ಸ್‌ಗೆ ನಾವು ಒಂದು ಸಣ್ಣ ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋಗಿದ್ದೆವು. ಗೇಟಿನ ಹೊರಗೆ ಒಂದು ಹೊಂಗೆ ಮರ, ಅದರ ಕೆಳಗೆ ಕಲ್ಲಿನ ಕಟ್ಟೆ. ಸುತ್ತ ನೂರಾರು ಜನ ನೋಟ್ಸ್ ಬಿಚ್ಚಿಕೊಂಡು ಕೂತಿದ್ದರು. ಊಟ ಮುಗಿಸಿ 1 ಗಂಟೆಗೆ ಅರ್ಧರ್ಧ ಲೋಟ ಚಹಾ. ಮೊಬೈಲು ಇಲ್ಲ, ಅಲಾರಾಂ ಇಲ್ಲ. ಒಬ್ಬಳು ಕಟ್ಟೆಗೆ ಒರಗಿ ದುಪ್ಪಟ್ಟಾ ಮುಖದ ಮೇಲೆ ಎಳೆದುಕೊಂಡರೆ ಇನ್ನೊಬ್ಬಳು ಕೈಗಡಿಯಾರ ನೋಡುತ್ತಾ ಕೂರುವುದು. ಆಮೇಲೆ ಸರದಿ ಬದಲು. ನಿದ್ದೆ ಬರುತ್ತಿತ್ತು ಅಂತಲ್ಲ. ಬರೀ ಕಣ್ಣು ಮುಚ್ಚಿ, ಯಾವ ನೋಟ್ಸೂ ನೋಡದೆ, ಒಬ್ಬರು ನನಗಾಗಿ ಎಚ್ಚರವಾಗಿದ್ದಾರೆ ಅಂತ ಗೊತ್ತಿದ್ದು ಆ 15 ನಿಮಿಷ ಕೂತದ್ದು ಇಡೀ ಪರೀಕ್ಷೆಯಲ್ಲಿ ನನಗೆ ಸಿಕ್ಕ ದೊಡ್ಡ ಸಮಾಧಾನ. ಮೂರು ಗಂಟೆಗೆ ಕಣ್ಣು ಎಳೆಯಲಿಲ್ಲ. ಐದು ದಿನವೂ ಎಲ್ಲ ಪ್ರಶ್ನೆಗೂ ಉತ್ತರ ಬರೆದು ಎದ್ದೆ.

ಆ ಸಲವೂ ಕೊನೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಆದರೆ ಆ ಉತ್ತರ ಪತ್ರಿಕೆಗಳು ನನ್ನವಾಗಿದ್ದವು.

ಇಲ್ಲಿಗೆ ನನ್ನ ಕತೆ ನಿಲ್ಲಿಸಿ ಧಾರವಾಡದ ನನ್ನ ರೂಮ್‌ಮೇಟ್ ಬಗ್ಗೆ ಹೇಳಬೇಕು. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ಹನ್ನೊಂದನೇ ವಯಸ್ಸಿನಿಂದ ಅವಳಿಗೆ ಟೈಪ್ 1 ಡಯಾಬಿಟೀಸ್, ಅಂದರೆ ಮೈ ತಾನಾಗಿ ಇನ್ಸುಲಿನ್ ತಯಾರಿಸದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಅದಕ್ಕೆ ತಕ್ಕಷ್ಟು ತಿನ್ನದಿದ್ದರೆ ರಕ್ತದ ಸಕ್ಕರೆ ತೀರಾ ಕೆಳಗೆ ಇಳಿದುಬಿಡುತ್ತದೆ. ರೂಮಿನಲ್ಲಿ ಒಂದು ಸಂಜೆ ಓದುತ್ತಾ ಕೂತಿದ್ದಾಗ ಅವಳು ಪುಸ್ತಕದಿಂದ ತಲೆ ಎತ್ತಿ, “ಅಕ್ಕಾ, ಕೈ ನಡಗಾಕತ್ತಾವ. ಚಾ ಜಾಸ್ತಿ ಆತೇನೋ” ಅಂದಳು. ಹಣೆಯಲ್ಲಿ ಬೆವರು. ಮಾತು ಸ್ವಲ್ಪ ತಡವರಿಸುತ್ತಿತ್ತು. ಚೆಕ್ ಮಾಡಿದರೆ ಶುಗರ್ 58.

ಕಾಫಿ ಚಹಾ ಜಾಸ್ತಿಯಾದರೆ ಏನಾಗುತ್ತದೆ? ಕೈ ನಡುಗುತ್ತದೆ, ಬೆವರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಶುಗರ್ 70ಕ್ಕಿಂತ ಕೆಳಗೆ ಇಳಿದರೆ? ಅದೇ ನಡುಕ, ಅದೇ ಬೆವರು, ಅದೇ ಎದೆಬಡಿತ. ನೋಡುವವರಿಗೆ ಎರಡೂ ಒಂದೇ, ಕೆಲವೊಮ್ಮೆ ಅನುಭವಿಸುವವರಿಗೂ ಹಾಗೇ. ಪರೀಕ್ಷೆಯ ಹಾಲಿನಲ್ಲಿ ಹೀಗಾದರೆ ಎಲ್ಲರೂ ಟೆನ್ಷನ್ ಅಂತಲೇ ಅಂದುಕೊಳ್ಳುತ್ತಾರೆ. ನನ್ನ ನಡುಕ ಕೆಲವು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಅವಳದು ಇಳಿಯುವುದಿಲ್ಲ. ಸಕ್ಕರೆ ಒಳಗೆ ಹೋಗದಿದ್ದರೆ ಅವಳು ಬೀಳುತ್ತಾಳೆ. ನನಗೆ ಬೇಡದ ಆ ಗ್ಲೂಕೋಸ್ ಪುಡಿಯೇ ಅವಳಿಗೆ ಜೀವ.

ಒಂದು ನೇಮಕಾತಿ ಪರೀಕ್ಷೆಗೆ ಹೋದಾಗ ಗೇಟಿನಲ್ಲಿ ತಪಾಸಣೆ ಮಾಡುವವರು ಅವಳ ಬ್ಯಾಗಿನಿಂದ ಗ್ಲೂಕೋಸ್ ಮಾತ್ರೆ, ಬಿಸ್ಕತ್ತು ಎರಡನ್ನೂ ತೆಗೆದು ಹೊರಗಿಟ್ಟರು. ಡಾಕ್ಟರ ಚೀಟಿ ತೋರಿಸಿದರೂ, ಸೂಚನೆಯಲ್ಲಿ ಇಲ್ಲ ಅಂದರು. ಸಾಲಿನಲ್ಲಿ ನಿಂತು ಒಂದೂವರೆ ಗಂಟೆ. ಆಮೇಲೆ ಪತ್ರಿಕೆ ಶುರು. ಅರ್ಧದಲ್ಲಿ ಅವಳಿಗೆ ಪ್ರಶ್ನೆಯ ಸಾಲುಗಳು ಓದಿದರೂ ಅರ್ಥವಾಗದ ಹಾಗೆ ಆಯಿತು. ಮೇಲ್ವಿಚಾರಕರಲ್ಲಿ ಒಬ್ಬ ಹೆಂಗಸು ಅವಳ ಮುಖ ನೋಡಿ ತಮ್ಮ ಡಬ್ಬಿಯಲ್ಲಿದ್ದ ಬೆಲ್ಲ ತಂದು ಕೊಟ್ಟರು. ಆ ತಾಯಿ ಯಾರೋ ನನಗೆ ಗೊತ್ತಿಲ್ಲ. ಇವತ್ತಿಗೂ ನೆನೆಯುತ್ತೇನೆ. ಅವಳ ಹತ್ತಿಪ್ಪತ್ತು ನಿಮಿಷ ಹೋಯಿತು. ಆ ಕೆಲಸವೂ ಹೋಯಿತು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ತರಬಹುದು ಅಂತ ಹೇಳಿತು. ಜೆಇಇಯಂಥ ಪರೀಕ್ಷೆಗಳ ಸೂಚನೆಗಳಲ್ಲಿ ಡಯಾಬಿಟೀಸ್ ಇರುವವರು ಸಕ್ಕರೆ ಮಾತ್ರೆ, ಬಾಳೆ, ಸೇಬು, ಕಿತ್ತಳೆ, ಪಾರದರ್ಶಕ ನೀರಿನ ಬಾಟಲಿ ತರಬಹುದು ಅಂತ ಬರೆದಿರುತ್ತದೆ. ಚಾಕೊಲೇಟಿನಂಥ ಪ್ಯಾಕೆಟ್ ತಿಂಡಿಗೆ ಅನುಮತಿ ಇಲ್ಲ. ಅದೂ ಸರಿಯೇ, ಕಾಪಿ ಚೀಟಿಯ ಚಿಂತೆ ಅವರಿಗೂ ಇರುತ್ತದೆ. ಒಂದು ಸಾಲು ಸಾಕು. ಆ ಒಂದು ಸಾಲು ಎಲ್ಲ ಪರೀಕ್ಷೆಗಳ ಪ್ರವೇಶಪತ್ರದಲ್ಲೂ ಕನ್ನಡದಲ್ಲಿ ಅಚ್ಚಾಗಬೇಕು, ಗೇಟಿನಲ್ಲಿ ನಿಂತವರ ಕೈಯಲ್ಲೂ ಇರಬೇಕು. ಇದು ನನ್ನ ಕಳಕಳಿಯ ಬೇಡಿಕೆ.

ಈಗ ನಾನು ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೇಲ್ವಿಚಾರಣೆಗೆ ಹೋಗುತ್ತೇನೆ. ಹೆಚ್ಚಿನ ಪತ್ರಿಕೆಗಳಿಗೆ ಮೂರು ಗಂಟೆ ಬರವಣಿಗೆ, ಅದಕ್ಕೂ ಮೊದಲು ಪ್ರಶ್ನೆಪತ್ರಿಕೆ ಓದಲು 15 ನಿಮಿಷ. ಹಳ್ಳಿಯ ಮಕ್ಕಳು ಏಳೂವರೆಯ ಬಸ್ಸು ಹಿಡಿದು ಬರುತ್ತಾರೆ. ಎಷ್ಟೋ ಮಕ್ಕಳು ಏನೂ ತಿಂದಿರುವುದಿಲ್ಲ. ಭಯಕ್ಕೆ ಹೊಟ್ಟೆಗೆ ಏನೂ ಹೋಗಲಿಲ್ಲ ಟೀಚರ್ ಅನ್ನುತ್ತಾರೆ. ಕೆಲವರ ಮನೆಯಲ್ಲಿ ಅಷ್ಟು ಬೇಗ ಒಲೆ ಹೊತ್ತಿರುವುದಿಲ್ಲ. ಹನ್ನೊಂದೂವರೆಗೆ ತಲೆ ಡೆಸ್ಕಿಗೆ ಆನಿಸುವ ಮಗುವನ್ನು ನೋಡಿದರೆ ನನ್ನ ಅವ್ವನ ಮಾತು ಕಿವಿಯಲ್ಲಿ ಬರುತ್ತದೆ: “ಪರೀಕ್ಷಾಕ್ಕ ಖಾಲಿ ಹೊಟ್ಟಿಲೆ ಹೋಗಬ್ಯಾಡವಾ.”

ಇನ್ನೂ ಬೇಸರದ ಸಂಗತಿ ಎಂದರೆ ಎನರ್ಜಿ ಡ್ರಿಂಕ್. ಹದಿನೈದರ ಹುಡುಗರು ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಿಂಡಿಯ ದುಡ್ಡು ಕೊಟ್ಟು ಬಣ್ಣದ ಬಾಟಲಿ ಕೊಳ್ಳುತ್ತಾರೆ, ನಿದ್ದೆ ಬರಲ್ಲ ಟೀಚರ್ ಅನ್ನುತ್ತಾರೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಇಂಥ ಪಾನೀಯಕ್ಕೆ ಲೀಟರಿಗೆ 300 ಮಿಲಿಗ್ರಾಂ ಕೆಫೀನ್ ಮಿತಿ. ಅಂದರೆ 250 ಎಂಎಲ್ ಬಾಟಲಿಯಲ್ಲಿ 75ರವರೆಗೆ ಇರಬಹುದು. ಮಕ್ಕಳಿಗೆ ಅಲ್ಲ ಅಂತ ಆ ಬಾಟಲಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ ಮೈತೂಕದ ಒಂದು ಕೆಜಿಗೆ 3 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಅಂದಿತ್ತು. ನಮ್ಮ ಶಾಲೆಯ 40 ಕೆಜಿಯ ಹುಡುಗನಿಗೆ ಅದು ದಿನಕ್ಕೆ 120. ಎರಡು ಬಾಟಲಿ ಕುಡಿದರೆ ಮೀರಿತು. ಖಾಲಿ ಹೊಟ್ಟೆ, ಭಯ, ಅದರ ಮೇಲೆ ಇದು. ನಾನು ತರಗತಿಯಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿ ತೋರಿಸುತ್ತೇನೆ. ಅದೇ ದುಡ್ಡಿಗೆ ಎಷ್ಟು ಬಾಳೆಹಣ್ಣು ಬರುತ್ತದೆ ಅಂತಲೂ ಲೆಕ್ಕ ಹಾಕಿಸುತ್ತೇನೆ. ಪ್ರಿಪರೇಟರಿ ಪರೀಕ್ಷೆಯ ದಿನವೇ, ಆ ದಿನ ಏನು ತಿಂದಿರಿ ಅಂತ ಬರೆದು ತರಲು ಹೇಳುತ್ತೇನೆ. ಕೆಲವರು ನಾಚಿಕೊಂಡು ‘ಚಹಾ’ ಅಂತ ಒಂದೇ ಪದ ಬರೆದಿರುತ್ತಾರೆ. ಅಂಥವರಿಗೆ ಮಾರ್ಚ್ ಬರುವ ಹೊತ್ತಿಗೆ ನಾವು ನಾಲ್ಕೈದು ಟೀಚರುಗಳು ಸೇರಿ ಹುರಿದ ಶೇಂಗಾ ಬೆಲ್ಲ, ಬಾಳೆಹಣ್ಣು ತಂದು ಗೇಟಿನ ಹೊರಗೆ ಕೊಡುತ್ತೇವೆ. ಎರಡು ವರ್ಷದಿಂದ ಇದು ನಡೆಯುತ್ತಿದೆ.

ನನ್ನ ರೂಮ್‌ಮೇಟ್ ಆಮೇಲೆ ಇನ್ನೊಂದು ಪರೀಕ್ಷೆ ಬರೆದಳು. ಈ ಸಲ ಇಪ್ಪತ್ತು ದಿನ ಮೊದಲೇ ಡಾಕ್ಟರ ಸರ್ಟಿಫಿಕೇಟ್ ಇಟ್ಟು ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಅರ್ಜಿ ಕೊಟ್ಟಿದ್ದಳು. ಅರ್ಜಿಯನ್ನು ನಾನೇ ಕೂತು ಬರೆದುಕೊಟ್ಟಿದ್ದೆ. ಅವಳ ಡೆಸ್ಕಿನ ಮೂಲೆಯಲ್ಲಿ ಸಕ್ಕರೆ ಮಾತ್ರೆಯ ಒಂದು ಪಾರದರ್ಶಕ ಕವರು, ಒಂದು ಬಾಳೆಹಣ್ಣು, ನೀರಿನ ಬಾಟಲಿ. ಸಂಜೆ ಫೋನ್ ಮಾಡಿದಳು. ಪತ್ರಿಕೆ ಹೇಗಿತ್ತು ಅಂತ ನಾನು ಕೇಳುವ ಮೊದಲೇ ಹೇಳಿದಳು: “ಅಕ್ಕಾ, ಹನ್ನೊಂದೂ ಇಪ್ಪತ್ತಕ್ಕ ಅರ್ಧ ಬಾಳೆಹಣ್ಣು ತಿಂದೆ. ಯಾರೂ ಏನೂ ಅನ್ನಲಿಲ್ಲ. ಸಿಪ್ಪಿ ಕವರ್‌ನ್ಯಾಗ ಹಾಕಿ ಮತ್ತ ಬರಕೋತ ಕುಂತೆ.”